ಕಾರನ್ನೆತ್ತಲು ಸೂರು ಎಷ್ಟು ಎತ್ತರವಿರಬೇಕು?

ಪೆಟ್ರೋಲ್ ಬಂಕುಗಳಲ್ಲಿ ಕಾರುಗಳನ್ನು ನೀರು ಹೊಡೆದು ತೊಳೆಯುವ ಸ್ಥಳವನ್ನು ವಾಚಕರು ನೋಡಿಯೇ ಇರುವರು. ನೆಲದೊಳಗಿಂದ ಹೊಳೆಯುವ ಉಕ್ಕಿನ ಕಂಬವೊಂದು ಮೆಲ್ಲನೆ ಮೇಲೇಳುತ್ತದೆ. ಅದರ ತಲೆಯ ಮೇಲೆ ಒಂದು ಟನ್ನಿಗೂ ಮಿಕ್ಕ ತೂಕದ ಕಾರು, ತಟ್ಟೆಯಲ್ಲಿಟ್ಟ ಲೋಟದಂತೆ, ಅಲುಗದೆ ಏರುತ್ತದೆ. ಚಿಕ್ಕಂದಿನಲ್ಲಿ ರಾಜಾಜಿನಗರದ ಒಂದು ಬಂಕಿನ ಮುಂದೆ ತಂದೆಯವರ ಕೈ ಹಿಡಿದು ಈ ನೋಟವನ್ನು ನೋಡುತ್ತ ನಿಂತಿದ್ದುದು ನಮಗೆ ಇನ್ನೂ ನೆನಪಿದೆ. ಅಲ್ಲಿ ಕಾರಿನ ಮೇಲೆ ಆಕಾಶವಿತ್ತು. ಅದೇ ಯಂತ್ರವನ್ನು ಮನೆಯೊಳಗೆ ತಂದರೆ ಮೇಲೆ ಆಕಾಶವಿರುವುದಿಲ್ಲ, ತಾರಸಿಯಿರುತ್ತದೆ. ಆ ತಾರಸಿ ಎಷ್ಟು ಎತ್ತರದಲ್ಲಿರಬೇಕೆಂಬುದು ನೋಡುವುದಕ್ಕೆ ಸಣ್ಣ ಕೂಡುವ ಲೆಕ್ಕ. ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ತನಕ ಹೋಯಿತು.

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ೧೯೮೬ರಲ್ಲಿ ತಂದೆಯವರು ಮನೆ ಕಟ್ಟಿಸಿದಾಗ ಮುಂದೆ ಒಂದು ಪೋರ್ಟಿಕೊ ಬಿಟ್ಟರು. ಮೂರು ವರ್ಷಗಳ ಅನಂತರ ಅದರಲ್ಲಿ ಅಂಬಾಸಡರ್ ಕಾರು ಬಂದು ನಿಂತಿತು. ಆ ಕಾರು ಈಗಲೂ ಇದೆ. ಅದನ್ನು ತಯಾರಿಸುತ್ತಿದ್ದ ಕಾರಖಾನೆ ೨೦೧೪ರಲ್ಲಿ ಕೆಲಸ ನಿಲ್ಲಿಸಿತು. ತಂದೆಯವರು ಮಾತ್ರ ಭಾನುವಾರದ ದುರಸ್ತಿಯನ್ನು ನಿಲ್ಲಿಸಲಿಲ್ಲ. ನಾವು ಕಾಲೇಜಿಗೆ ಹೋಗಿಬರಲು ಮತ್ತೊಂದು ಸಣ್ಣ ಕಾರನ್ನು ಕೊಂಡೆವು. ಅದಕ್ಕೆ ಪೋರ್ಟಿಕೊದಲ್ಲಿ ಸ್ಥಳವಿಲ್ಲದ್ದರಿಂದ ಬೀದಿಯಲ್ಲಿ ನಿಲ್ಲಿಸಿದೆವು. ಬೀದಿಯಲ್ಲಿ ಎಲ್ಲರೂ ಹಾಗೆಯೇ ಮಾಡಿದ್ದರು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ರಸ್ತೆಗಳಾದರೋ ಹಿಂದೆ ಎಳೆದ ಗೆರೆಗಳಲ್ಲೇ ಇವೆ.

ಎರಡು ವರ್ಷಗಳ ಹಿಂದಿನ ಒಂದು ರಾತ್ರಿ ಎದುರುಸಾಲಿನ ಹಿರಿಯರೊಬ್ಬರಿಗೆ ಎದೆನೋವು ಬಂದಿತು. ಆಂಬುಲೆನ್ಸು ರಸ್ತೆಯ ಮೂಲೆಗೆ ಬಂದು ನಿಂತುಬಿಟ್ಟಿತು. ಎರಡು ಮಗ್ಗುಲಿಗೂ ನಿಂತಿದ್ದ ಕಾರುಗಳ ನಡುವೆ ಅದಕ್ಕೆ ದಾರಿಯಿರಲಿಲ್ಲ. ಸ್ಟ್ರೆಚರಿನ ಒಂದು ಹಿಡಿಯನ್ನು ನಾವೂ ಹಿಡಿದು ಅವರನ್ನು ಮೂಲೆಯವರೆಗೆ ಹೊತ್ತೆವು. ದೇವರ ದಯದಿಂದ ಅವರು ಗುಣವಾಗಿ ಮನೆಗೆ ಬಂದರು. ಆದರೆ ದಾರಿ ಕಟ್ಟಿದ್ದ ಕಾರುಗಳಲ್ಲಿ ನಮ್ಮದೂ ಒಂದು. ಆ ವಿಚಾರ ನಮ್ಮನ್ನು ಬಹಳ ದಿನ ಬಿಡಲಿಲ್ಲ.

ಅಂಬಾಸಡರನ್ನು ಮಾರುವ ಮಾತನ್ನು ತಂದೆಯವರ ಮುಂದೆ ಎತ್ತುವ ಧೈರ್ಯ ನಮಗಿರಲಿಲ್ಲ. ಎರಡು ಕಾರುಗಳನ್ನು ಪಕ್ಕಪಕ್ಕದಲ್ಲಿ ಒಳಗೆ ನಿಲ್ಲಿಸಲು, ಬಾಗಿಲು ತೆರೆದು ಇಳಿಯುವ ಜಾಗವೂ ಸೇರಿ, ಹದಿನೆಂಟು ಅಡಿ ಅಗಲ ಬೇಕು. ಮೂವತ್ತು ಅಡಿಯ ಸೈಟಿನಲ್ಲಿ ಎರಡು ಕಡೆಯ ಖಾಲಿ ಜಾಗವನ್ನು ಬಿಟ್ಟು ಅಷ್ಟನ್ನು ಕೊಟ್ಟರೆ ಮನುಷ್ಯರಿಗೆ ಓಣಿಯಷ್ಟೇ ಉಳಿಯುತ್ತದೆ. ಹಿಂದೆ ಮುಂದೆ ನಿಲ್ಲಿಸಲು ಉದ್ದ ಸಾಲದು. ಉಳಿದುದು ಮೂರನೆಯ ದಿಕ್ಕು. ಒಂದು ಕಾರಿನ ಮೇಲೆ ಇನ್ನೊಂದನ್ನು ನಿಲ್ಲಿಸುವುದೆಂದು ಗೊತ್ತುಮಾಡಿದೆವು. ಹಳೆಯ ಪೋರ್ಟಿಕೊವನ್ನೂ ಅದರ ಹಿಂದಿನ ಅಡುಗೆಮನೆಯನ್ನೂ ಕೆಡವಿ, ಹತ್ತು ಅಡಿ ಅಗಲ ಇಪ್ಪತ್ತು ಅಡಿ ಉದ್ದದ ಗ್ಯಾರೇಜನ್ನು ಕಟ್ಟುವುದು. ಅದರ ಮೇಲೆ ಹೊಸ ಅಡುಗೆಮನೆ ಮತ್ತು ಊಟದ ಕೋಣೆ. ಇದು ಮೊದಲ ನಕ್ಷೆ.

ಕಾರನ್ನೆತ್ತುವ ಯಂತ್ರದ ತತ್ತ್ವ ಹಳೆಯದು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ದಿಕ್ಕಿಗೂ ಕುಂದದೆ ಹರಡುತ್ತದೆಂದು ಫ್ರಾನ್ಸಿನ ಪಾಸ್ಕಲ್ ಹದಿನೇಳನೆಯ ಶತಮಾನದಲ್ಲಿ ತೋರಿಸಿದನು. ಆ ಗ್ರಂಥ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, ೧೬೬೩ರಲ್ಲಿ. ಒಂದು ಸೆಂಟಿಮೀಟರ್ ವ್ಯಾಸದ ಸಣ್ಣ ಪಿಸ್ಟನ್ನನ್ನೂ ಹತ್ತು ಸೆಂಟಿಮೀಟರ್ ವ್ಯಾಸದ ದೊಡ್ಡ ಪಿಸ್ಟನ್ನನ್ನೂ ಎಣ್ಣೆ ತುಂಬಿದ ಕೊಳವೆಯಿಂದ ಜೋಡಿಸಿದೆವೆನ್ನಿ. ದೊಡ್ಡದರ ವಿಸ್ತೀರ್ಣ ಸಣ್ಣದರ ನೂರರಷ್ಟು. ಸಣ್ಣದರ ಮೇಲೆ ಹನ್ನೊಂದೂವರೆ ಕಿಲೋಗ್ರಾಂ ತೂಕವಿಟ್ಟರೆ ದೊಡ್ಡದು ೧,೧೫೦ ಕಿಲೋಗ್ರಾಮನ್ನು ಹೊರುತ್ತದೆ. ಅದು ಹೆಚ್ಚು ಕಡಿಮೆ ಒಂದು ಅಂಬಾಸಡರಿನ ತೂಕ. ಆದರೆ ನಿಸರ್ಗವು ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ. ಕಾರು ಒಂದು ಸೆಂಟಿಮೀಟರ್ ಏರಬೇಕಾದರೆ ಸಣ್ಣ ಪಿಸ್ಟನ್ನು ನೂರು ಸೆಂಟಿಮೀಟರ್ ಚಲಿಸಬೇಕು. ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಈ ತತ್ತ್ವದ ಮೇಲೆ ಒತ್ತುಯಂತ್ರವನ್ನು ಮಾಡಿ ಹಕ್ಕುಪತ್ರ ಪಡೆದನು. ಕಾರಿಗೆ ಇದನ್ನು ಹೊಂದಿಸಿದವನು ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ ಎಂಬ ಮೆಕ್ಯಾನಿಕ್, ವರ್ಷ ೧೯೨೫. ಕ್ಷೌರದಂಗಡಿಯ ಕುರ್ಚಿ ಗಿರಾಕಿಯನ್ನು ಹೊತ್ತು ಮೇಲೇರುವುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ನಮ್ಮ ಬಂಕುಗಳ ಒಂಟಿ ಕಂಬದ ಯಂತ್ರ ಅದರ ವಂಶದ್ದೇ.

ಮನೆಗೆ ಒಂಟಿ ಕಂಬ ಒಗ್ಗುವುದಿಲ್ಲ. ಅದಕ್ಕೆ ನೆಲದಲ್ಲಿ ಆಳವಾದ ಬಾವಿ ತೋಡಬೇಕು. ಎರಡು ಕಂಬದ ಯಂತ್ರ ದುರಸ್ತಿಗೆ ಬಹಳ ಅನುಕೂಲ, ಏಕೆಂದರೆ ಚಕ್ರಗಳು ಜೋತಾಡುತ್ತ ಬಿಡುವಾಗಿರುತ್ತವೆ. ಆದರೆ ಅದರ ತೋಳುಗಳು ಕಂಬದಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಕಂಬಗಳು ಒಳಕ್ಕೆ ಬಾಗಲೆಳಸುತ್ತವೆ. ಒಂದೊಂದು ಕಂಬದ ಪಾಲಿಗೆ ೫೭೫ ಕಿಲೋಗ್ರಾಂ. ಅದು ಕಂಬದಿಂದ ೮೦ ಸೆಂಟಿಮೀಟರ್ ದೂರದಲ್ಲಿದ್ದು, ಕಂಬದ ಪಾದದ ಬೋಲ್ಟುಗಳು ೪೦ ಸೆಂಟಿಮೀಟರ್ ಹಿಂದಿದ್ದರೆ, ಆ ಬೋಲ್ಟುಗಳನ್ನು ನೆಲದಿಂದ ಕೀಳುವ ಬಲವು ಸನ್ನೆಯ ನಿಯಮದಂತೆ ೧,೧೫೦ ಕಿಲೋಗ್ರಾಂ ತೂಕದಷ್ಟಾಗುತ್ತದೆ. ಇಡೀ ಕಾರಿನಷ್ಟೇ ಎಂದಾಯಿತು. ನಮ್ಮ ಕಡೆಯ ಪೋರ್ಟಿಕೊಗಳ ನೆಲ ಬಹುಮಟ್ಟಿಗೆ ತೆಳುವಾದ ಕಾಂಕ್ರೀಟು, ಅದರ ಮೇಲೆ ಟೈಲು. ಅದರಲ್ಲಿ ಇಂಥ ಬೋಲ್ಟನ್ನು ಕೂರಿಸುವುದೆಂದರೆ ಹಸಿಮಣ್ಣಿನಲ್ಲಿ ಗೂಟ ನೆಟ್ಟು ಎತ್ತನ್ನು ಕಟ್ಟಿದಂತೆ. ಆದುದರಿಂದ ನಾವು ನಾಲ್ಕು ಕಂಬದ ಯಂತ್ರವನ್ನು ಆರಿಸಿದೆವು. ಅದರಲ್ಲಿ ಕಾರು ಎರಡು ಉಕ್ಕಿನ ಹಲಗೆಗಳ ಮೇಲೆ ತನ್ನ ಚಕ್ರಗಳಲ್ಲೇ ನಿಲ್ಲುತ್ತದೆ, ಭಾರ ನೇರವಾಗಿ ಕೆಳಗಿಳಿಯುತ್ತದೆ.

ಇನ್ನು ಎತ್ತರದ ಲೆಕ್ಕ. ಕೆಳಗೆ ನಿಲ್ಲುವ ಸಣ್ಣ ಕಾರು ೫ ಅಡಿ ೧ ಅಂಗುಲ. ಅದರ ನೆತ್ತಿಗೂ ಹಲಗೆಯ ತಳಕ್ಕೂ ನಡುವೆ ೩ ಅಂಗುಲ ಬಿಡುವು. ಹಲಗೆಯ ದಪ್ಪ ೫ ಅಂಗುಲ. ಅಲ್ಲಿಗೆ ೫ ಅಡಿ ೯ ಅಂಗುಲ. ಅದರ ಮೇಲೆ ಅಂಬಾಸಡರ್ ೫ ಅಡಿ ೩ ಅಂಗುಲ. ಒಟ್ಟು ೧೧ ಅಡಿ. ನೆತ್ತಿಯ ಮೇಲೆ ೪ ಅಂಗುಲ ಬಿಡುವಾದರೂ ಬೇಕು. ೧೧ ಅಡಿ ೪ ಅಂಗುಲ ಎಂದಾಯಿತು.

ಮೇಸ್ತ್ರಿಯವರ ನಕ್ಷೆಯಲ್ಲಿ ನೆಲದಿಂದ ತಾರಸಿಯ ತಳಕ್ಕೆ ೧೦ ಅಡಿ. ತಾರಸಿಗಿಂತ ಒಂದು ಅಡಿ ಕೆಳಕ್ಕೆ, ಗ್ಯಾರೇಜಿನ ನಟ್ಟನಡುವೆ, ಅಡ್ಡಲಾಗಿ ಒಂದು ಬೀಮು. ಅಂದರೆ ಬೀಮಿನ ಕೆಳಗೆ ೯ ಅಡಿ ಮಾತ್ರ. ಸೆಂಟ್ರಿಂಗ್ ಹಲಗೆಗಳು ಬಂದು ಇಳಿದಿದ್ದವು. ಇನ್ನು ಹದಿನೈದು ದಿನಗಳಲ್ಲಿ ಮೋಲ್ಡು. ಆಗ ಈ ಲೆಕ್ಕವನ್ನು ಮಾಡಿ ನೋಡಿದೆವೆಂಬುದು ನಮಗೆ ಹೆಮ್ಮೆಯ ವಿಷಯವಲ್ಲ. ಇತರರು ಇನ್ನೂ ಮುಂಚೆಯೇ ಮಾಡಲಿ.

ಹಿಂದಿನವರ ಇಟ್ಟಿಗೆ ಗಾರೆಯ ಮದ್ರಾಸು ತಾರಸಿಯ ಮನೆಗಳಲ್ಲಿ ಹನ್ನೆರಡು, ಹದಿನಾಲ್ಕು ಅಡಿ ಎತ್ತರ ಸಾಮಾನ್ಯವಾಗಿತ್ತು. ಅವರು ಸೆಕೆಗೆ ಅಂಜಿ ಸೂರನ್ನು ಎತ್ತರಿಸಿದರು. ಕಾಂಕ್ರೀಟು ಬಂದಮೇಲೆ ನಾವು ಖರ್ಚಿಗೆ ಅಂಜಿ ಇಳಿಸಿದೆವು.

ಸೂರನ್ನು ಏರಿಸುವ ಬದಲು ನೆಲವನ್ನು ಇಳಿಸಬಾರದೆ ಎಂದು ತಂದೆಯವರು ಕೇಳಿದರು. ಹಳೆಯ ಗ್ಯಾರೇಜುಗಳಲ್ಲಿ ಯಂತ್ರವಿಲ್ಲದೆ ಗುಂಡಿ ತೋಡಿಯೇ ಕೆಲಸ ನಡೆಸುತ್ತಿದ್ದರು. ಯೋಚನೆ ಸರಿಯಾದದ್ದೇ, ಆದರೆ ನಮ್ಮ ಕಡೆಗೆ ಹೊಂದದು. ಡಾಂಬರು ಹಾಕಿದಾಗಲೆಲ್ಲ ರಸ್ತೆ ಒಂದೆರಡು ಅಂಗುಲ ಮೇಲೇರಿ, ಅನೇಕ ಮನೆಗಳ ಗೇಟು ಈಗಾಗಲೇ ರಸ್ತೆಗಿಂತ ತಗ್ಗಿನಲ್ಲಿದೆ. ಮೇಲಾಗಿ, ನಗರದ ಪಶ್ಚಿಮ ಭಾಗದ ಮಳೆನೀರೆಲ್ಲ ವೃಷಭಾವತಿಯ ಕಣಿವೆಯನ್ನು ಹಿಡಿದು ಕೆಂಗೇರಿಯತ್ತ ಇಳಿಯುವಂಥದು; ಜೋರು ಮಳೆಯಲ್ಲಿ ಕಾಲುವೆ ಕಟ್ಟಿಕೊಂಡರೆ ತಗ್ಗಿರುವ ಗ್ಯಾರೇಜು ಕೊಳವಾಗುತ್ತದೆ. ಇನ್ನೊಂದು ಅಪಾಯವು ಕಣ್ಣಿಗೆ ಕಾಣದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಹರಿದು ತಗ್ಗನ್ನು ಸೇರಿ, ನೀರಿನಂತೆ ಅಲ್ಲಿಯೇ ನಿಲ್ಲುತ್ತದೆ. ಒಂದು ಕಿಡಿ ಸಾಕು.

ನಮ್ಮ ಕಡೆಯ ಮನೆಗಳಲ್ಲಿ ಪೋರ್ಟಿಕೊದ ಕೆಳಗೆ ಏನಿರುತ್ತದೆಂಬುದನ್ನೂ ಮರೆಯಬಾರದು. ಅಲ್ಲಿ ಸಂಪು ಇರುತ್ತದೆ. ಕಾವೇರಿ ನೀರು ಬಂದ ದಿನ ತುಂಬಿಸಿಕೊಳ್ಳುವ ಈ ತೊಟ್ಟಿಗೆ ಮುಂಭಾಗಕ್ಕಿಂತ ಬೇರೆ ಸ್ಥಳವನ್ನು ಯಾರೂ ಇಟ್ಟಿಲ್ಲ. ನಾವು ಕಂಬಗಳ ಗುರುತನ್ನು ಸುಣ್ಣದಲ್ಲಿ ಹಾಕಿದಾಗ ಒಂದು ಕಂಬ ಸರಿಯಾಗಿ ಸಂಪಿನ ಮುಚ್ಚಳದ ಮೇಲೆ ಬಂದಿತು. ಕಾರು ಹಾದುಹೋಗುವಾಗ ಚಕ್ರದ ಭಾರ ಕ್ಷಣಹೊತ್ತು ಬೀಳುವುದು ಬೇರೆ. ಯಂತ್ರದ ತೂಕವೂ ಕಾರಿನ ತೂಕವೂ ಸೇರಿ ಸುಮಾರು ಎರಡು ಟನ್ನಿನ ಕಾಲುಪಾಲು ಅಂಗೈಯಗಲದ ಪಾದದ ಮೂಲಕ ಹಗಲಿರುಳು ಒತ್ತುವುದು ಬೇರೆ. ಯಂತ್ರವನ್ನು ಎರಡು ಅಡಿ ಹಿಂದಕ್ಕೆ ಸರಿಸಿದೆವು. ಕಂಬಗಳು ಬರುವ ಕಡೆ ಆರು ಅಂಗುಲ ದಪ್ಪದ ಕಾಂಕ್ರೀಟನ್ನು ಕಂಬಿ ಕಟ್ಟಿ ಹಾಕಿಸಿ, ಇಪ್ಪತ್ತೆಂಟು ದಿನ ಮುಗಿಯುವವರೆಗೆ ಭಾರ ಹೊರಿಸಲಿಲ್ಲ.

ಹಾಗಾದರೆ ಏರಿಸಲೇಬೇಕು. ಬೀಮನ್ನು ಇದ್ದಂತೆಯೇ ಇಟ್ಟು ಏರಿಸಿದರೆ ೨ ಅಡಿ ೪ ಅಂಗುಲ. ಬೀಮಿನ ಅಡ್ಡಿ ತಪ್ಪಿದರೆ ೧ ಅಡಿ ೪ ಅಂಗುಲ ಸಾಕು. ಇದಕ್ಕೆ ನಮಗೆ ಎರಡು ದಾರಿಗಳು ಕಂಡವು. ಅಂಬಾಸಡರಿನ ನೆತ್ತಿ ಐದೂಕಾಲು ಅಡಿಯಿದ್ದರೂ ಬಾನೆಟ್ಟು ಸುಮಾರು ಮೂರೂವರೆ ಅಡಿಯೇ. ಬೀಮು ಬಾನೆಟ್ಟಿನ ಮೇಲೆ ಬರುವಂತೆ ಕಾರನ್ನು ನಿಲ್ಲಿಸಿದರೆ ಸಾಕಷ್ಟು ಎಡೆ ಸಿಗುತ್ತದೆ. ಯುಕ್ತಿ ಚೆನ್ನಾಗಿದೆ. ಆದರೆ ಕಾರಿನ ಆಯುಸ್ಸಿಗಿಂತ ಮನೆಯ ಆಯುಸ್ಸು ದೊಡ್ಡದು. ನಾಳೆ ಇನ್ನೊಂದು ಆಕಾರದ ಕಾರು ಬಂದರೆ ಬೀಮು ಜರುಗುವುದಿಲ್ಲ.

ಎರಡನೆಯ ದಾರಿ ಬೀಮನ್ನು ತಲೆಕೆಳಗು ಮಾಡುವುದು, ಎಂದರೆ ಅದನ್ನು ತಾರಸಿಯ ಕೆಳಗೆ ಇಳಿಬಿಡದೆ ಮೇಲಕ್ಕೆ ಎಬ್ಬಿಸುವುದು. ಕೆಳಗಿನ ಸೂರು ನುಣ್ಣಗೆ ಸಮತಟ್ಟಾಗುತ್ತದೆ. ಮೇಲಿನ ಕೋಣೆಯಲ್ಲಿ ಬೀಮು ಎದ್ದು ನಿಲ್ಲುತ್ತದೆ. ಅದು ಗೋಡೆಯ ಅಡಿಯಲ್ಲೇ ಬರುವಂತೆ ಮೇಲಿನ ಕೋಣೆಯನ್ನು ಹೊಂದಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಭಾರ ಬಿದ್ದಾಗ ಬೀಮಿನ ನಡುಭಾಗದಲ್ಲಿ ಮೇಲುಮೈ ಅದುಮಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಕಾಂಕ್ರೀಟು ಅದುಮುವಿಕೆಯನ್ನು ತಡೆದೀತು, ಹಿಗ್ಗನ್ನು ತಡೆಯದು. ಅದಕ್ಕಾಗಿ ಕೆಳಗೆ ಉಕ್ಕಿನ ಕಂಬಿಗಳು. ಎಂದಿನ ಬೀಮಿನಲ್ಲಿ ಮೇಲಿರುವ ತಾರಸಿಯೇ ಅಗಲವಾದ ಭುಜವಾಗಿ ಅದುಮುವಿಕೆಯನ್ನು ಹಂಚಿಕೊಳ್ಳುತ್ತದೆ. ತಲೆಕೆಳಗಾದ ಬೀಮಿಗೆ ಆ ಭುಜಬಲವಿಲ್ಲ. ಮೇಲಾಗಿ ತಾರಸಿಯು ಅದರ ಮೇಲೆ ಕೂರದೆ ಅದಕ್ಕೆ ಜೋತುಬಿದ್ದಿರುತ್ತದೆ. ಆದುದರಿಂದ ಕಂಬಿಗಳನ್ನೂ ಅವುಗಳನ್ನು ಸುತ್ತುವ ರಿಂಗುಗಳನ್ನೂ ಎಂಜಿನಿಯರು ಬೇರೆಯಾಗಿಯೇ ಲೆಕ್ಕ ಮಾಡಬೇಕು. "ಅದೇ ಬೀಮು, ತಿರುಗಿಸಿ ಹಾಕಿದರಾಯಿತು, ಸಾರ್" ಎಂದರು ಮೇಸ್ತ್ರಿಯವರು. ಹಾಗೆ ಆಗುವುದಿಲ್ಲ.

ಕಂಬಗಳ ವಿಷಯವೂ ಇದೆ. ೨೦೦೧ರ ಜನವರಿ ೨೬ರಂದು ಗುಜರಾತಿನಲ್ಲಿ ಭೂಕಂಪವಾದಾಗ ಅಹಮದಾಬಾದಿನಲ್ಲಿ ಕುಸಿದ ಎಷ್ಟೋ ಮಹಡಿಮನೆಗಳು, ಕೆಳ ಅಂತಸ್ತನ್ನು ಗೋಡೆಯಿಲ್ಲದೆ ಕಾರುಗಳಿಗೆ ಬಿಟ್ಟಿದ್ದಂಥವು. ಬೆಂಗಳೂರಿಗೆ ಅಷ್ಟು ಭಯವಿಲ್ಲ. ಆದರೂ ನಿಯಮವೊಂದನ್ನು ತಿಳಿದಿರುವುದು ಲೇಸು. ಕಂಬವು ಪಕ್ಕದ ನೂಕಿಗೆ ಎದುರು ನಿಲ್ಲುವ ಬಿಗುವು ಅದರ ಎತ್ತರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಹತ್ತು ಅಡಿಯ ಕಂಬವನ್ನು ೧೧ ಅಡಿ ೪ ಅಂಗುಲಕ್ಕೆ ಏರಿಸಿದರೆ ಎತ್ತರ ನೂರಕ್ಕೆ ಹದಿಮೂರು ಹೆಚ್ಚಿತು, ಬಿಗುವಾದರೋ ನೂರಕ್ಕೆ ಮೂವತ್ತೊಂದು ಕುಗ್ಗಿತು. ಸಮಾಧಾನವೆಂದರೆ ದಪ್ಪವೂ ಘನದಲ್ಲೇ ಕೆಲಸಮಾಡುತ್ತದೆ. ಒಂಬತ್ತು ಅಂಗುಲದ ಕಂಬವನ್ನು ನೂಕು ಬರುವ ದಿಕ್ಕಿನಲ್ಲಿ ಹತ್ತೂಕಾಲು ಅಂಗುಲ ಮಾಡಿದರೆ ಕಳೆದುಕೊಂಡ ಬಿಗುವು ಮರಳಿ ಬರುತ್ತದೆ. ನಾವು ಹನ್ನೆರಡು ಮಾಡಿಸಿದೆವು. ಕಟ್ಟಡದ ಒಟ್ಟು ಎತ್ತರವನ್ನೂ ಸುತ್ತ ಬಿಡಬೇಕಾದ ಜಾಗವನ್ನೂ ನಗರಪಾಲಿಕೆಯ ನಿಯಮಗಳು ಗೊತ್ತುಮಾಡುತ್ತವೆಯಾದ್ದರಿಂದ, ತಿದ್ದಿದ ನಕ್ಷೆಗೆ ಮತ್ತೆ ಮಂಜೂರಾತಿ ಪಡೆಯಬೇಕಾಯಿತು. ಮೋಲ್ಡು ಎರಡು ತಿಂಗಳು ಮುಂದಕ್ಕೆ ಹೋಯಿತು.

ಇಷ್ಟಾದ ಮೇಲೆ ಒಂದು ಸಂಜೆ, ಯಂತ್ರಕ್ಕೆ ಎಷ್ಟು ವಿದ್ಯುತ್ತು ಬೇಕಾದೀತೆಂದು ಲೆಕ್ಕ ಹಾಕುತ್ತ ಕುಳಿತಿದ್ದೆವು. ೧,೧೫೦ ಕಿಲೋಗ್ರಾಮಿನ ಕಾರನ್ನು ೫ ಅಡಿ ೯ ಅಂಗುಲ, ಎಂದರೆ ೧.೭೫ ಮೀಟರ್, ಎತ್ತುವ ಕೆಲಸ ೧೯,೭೦೦ ಜೂಲ್. ಒಂದು ಯೂನಿಟ್ ವಿದ್ಯುತ್ತಿನಲ್ಲಿ ೩೬ ಲಕ್ಷ ಜೂಲ್ ಇರುವುದರಿಂದ, ಹಲಗೆಗಳ ತೂಕವನ್ನೂ ಯಂತ್ರದಲ್ಲಿ ಆಗುವ ನಷ್ಟವನ್ನೂ ಲೆಕ್ಕಿಸದಿದ್ದರೆ, ಅದರಿಂದ ನೂರ ಎಂಬತ್ತು ಬಾರಿ ಎತ್ತಬಹುದು. ಅರ್ಧಕ್ಕರ್ಧ ನಷ್ಟವಾದರೂ ತೊಂಬತ್ತು ಬಾರಿ. ಮುಕ್ಕಾಲು ನಿಮಿಷದಲ್ಲಿ ಎತ್ತಲು ಎರಡು ಅಶ್ವಶಕ್ತಿಯ ಮೋಟಾರು ಧಾರಾಳವಾಗಿ ಸಾಕು.

ಸೂರು ಏರಿದ್ದರಿಂದ ಮೆಟ್ಟಿಲೂ ಏರಿತ್ತು. ತಾರಸಿಯ ದಪ್ಪ ಸೇರಿ ಮೇಲಿನ ನೆಲ ೧೧ ಅಡಿ ೯ ಅಂಗುಲದಲ್ಲಿ. ಇಪ್ಪತ್ತೊಂದು ಇದ್ದ ಮೆಟ್ಟಿಲು ಇಪ್ಪತ್ತನಾಲ್ಕಾಯಿತು. ಅದೇ ಹಾಳೆಯ ಅಂಚಿನಲ್ಲಿ, ಕೈ ಸುಮ್ಮನಿರದೆ, ತಾಯಿಯವರ ಲೆಕ್ಕವನ್ನೂ ಹಾಕಿದೆವು. ಅವರ ತೂಕ ೬೦ ಕಿಲೋಗ್ರಾಂ, ಎತ್ತರ ೩.೫೮ ಮೀಟರ್, ಒಂದು ಸಲ ಹತ್ತಿದರೆ ೨,೧೦೦ ಜೂಲ್. ಅವರ ಮಲಗುವ ಕೋಣೆ ಕೆಳಗೆ, ಅಡುಗೆಮನೆ ಮೇಲೆ. ದಿನಕ್ಕೆ ಹತ್ತು ಸಲ ಹತ್ತದೆ ವಿಧಿಯಿಲ್ಲ. ಹತ್ತು ಸಲಕ್ಕೆ ೨೧,೦೦೦ ಜೂಲ್. ನಮ್ಮ ನಕ್ಷೆಯ ಪ್ರಕಾರ, ತಂದೆಯವರ ಅಂಬಾಸಡರನ್ನು ಮೇಲೆ ನಿಲ್ಲಿಸಲು ಯಂತ್ರವು ಮಾಡುವ ಕೆಲಸಕ್ಕಿಂತ ಹೆಚ್ಚಿನದನ್ನು ಅರವತ್ತೆಂಟು ವರ್ಷದ ತಾಯಿಯವರು ಪ್ರತಿದಿನವೂ ತಮ್ಮ ಮಂಡಿಗಳಿಂದ ಮಾಡಬೇಕಾಗಿತ್ತು. ಲೆಕ್ಕವನ್ನು ಎರಡು ಸಲ ತಾಳೆ ನೋಡಿದೆವು. ತಪ್ಪಿರಲಿಲ್ಲ.

ಅವರಿಗೆ ಹೇಳಿದೆವು. "ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದೆ. ಆಗ ಕೇಳಿಸಲಿಲ್ಲ, ಲೆಕ್ಕದಲ್ಲಿ ಬಂದಮೇಲೆ ಕೇಳಿಸಿತೇನಪ್ಪ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಡುಗೆಮನೆ ಕೆಳಗೇ ಉಳಿಯಿತು. ಹಿಂಬದಿಯಲ್ಲಿದ್ದ ನಮ್ಮ ಓದುವ ಕೋಣೆಯನ್ನು ಅದಕ್ಕೆ ಬಿಟ್ಟು, ಪುಸ್ತಕಗಳನ್ನೂ ನಮ್ಮನ್ನೂ ಮೇಲಕ್ಕೆ ಸಾಗಿಸಿಕೊಂಡೆವು.

ಯಂತ್ರದ ಸುರಕ್ಷತೆಯ ಬಗ್ಗೆ ಒಂದು ಮಾತನ್ನು ಬಿಡುವಂತಿಲ್ಲ. ೧.೭೫ ಮೀಟರಿನಿಂದ ಕಾರು ಜಾರಿಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ೨೧ ಕಿಲೋಮೀಟರ್. ಕೆಳಗೆ ಮನುಷ್ಯರಿದ್ದರೆ ಮುಂದೆ ಹೇಳಬೇಕಾದುದಿಲ್ಲ. ಆದಕಾರಣ ಎತ್ತುವ ಕೆಲಸ ಎಣ್ಣೆಯದು, ನಿಲ್ಲಿಸಿಕೊಳ್ಳುವ ಕೆಲಸ ಉಕ್ಕಿನದು. ಪ್ರತಿ ಕಂಬದಲ್ಲೂ ಹಲ್ಲುಗಳಿರುತ್ತವೆ. ಹಲಗೆಯು ಏರಿದಂತೆಲ್ಲ ಒಂದು ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಟಕಟಕನೆ ಬೀಳುತ್ತದೆ. ಮೇಲೆ ಮುಟ್ಟಿದ ಬಳಿಕ ಒಂದಿಷ್ಟು ಇಳಿಸಿ, ನಾಲ್ಕು ಕೊಕ್ಕೆಗಳ ಮೇಲೂ ಭಾರ ಕುಳಿತಿತೆಂದು ಕಣ್ಣಾರೆ ನೋಡಿದ ಮೇಲೆಯೇ ಕೆಳಗೆ ಹೋಗಬೇಕು. ೧೮೫೪ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ ಎಲೈಷ ಓಟಿಸ್ ತಾನು ನಿಂತಿದ್ದ ಲಿಫ್ಟಿನ ಹಗ್ಗವನ್ನು ಕಡಿಸಿ ಜನರನ್ನು ಬೆರಗುಗೊಳಿಸಿದ್ದು ಇಂಥ ಹಲ್ಲು ಕೊಕ್ಕೆಯ ಬಲದಿಂದಲೇ. ಮೇಲಿನ ಕಾರಿನಿಂದ ಎಣ್ಣೆ ತೊಟ್ಟಿಕ್ಕದಂತೆ ತಟ್ಟೆಗಳನ್ನು ಇಡಬೇಕು. ಆವಿ ಹೋಗಲು ಗೋಡೆಯಲ್ಲಿ ನೆಲದ ಮಟ್ಟಕ್ಕೆ ಕಿಂಡಿಗಳಿರಬೇಕು. ಮುಂದೆ ಬ್ಯಾಟರಿ ಕಾರನ್ನು ಕೊಳ್ಳುವ ಯೋಚನೆಯಿದ್ದವರು, ಅದು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ನೂರಾರು ಕಿಲೋಗ್ರಾಂ ಭಾರವೆಂಬುದನ್ನು ಯಂತ್ರ ಕೊಳ್ಳುವಾಗಲೇ ನೆನೆಯಲಿ.

ಸೆಂಟ್ರಿಂಗ್ ಬಿಚ್ಚಿ, ಗಾರೆ ಮುಗಿದ ದಿನ ಟೇಪು ಹಿಡಿದೆವು. ೧೧ ಅಡಿ ೨½ ಅಂಗುಲ. ಒಂದೂವರೆ ಅಂಗುಲ ಎಲ್ಲಿ ಹೋಯಿತು? ಸೂರಿನ ಗಿಲಾವು ಅರ್ಧ ಅಂಗುಲ, ನೆಲದ ಮೇಲ್ಪದರ ಒಂದು ಅಂಗುಲ. ಭೌತಶಾಸ್ತ್ರದವರು ಇವೆರಡನ್ನೂ ಮರೆತಿದ್ದರು. ಮೇಸ್ತ್ರಿಯವರಿಗೆ ಗೊತ್ತಿತ್ತು, ನಾವು ಕೇಳಲಿಲ್ಲ. ನಾಲ್ಕು ಅಂಗುಲದ ಬಿಡುವು ಎರಡೂವರೆಗೆ ಇಳಿಯಿತು. ಹಲಗೆ ಮೇಲೆ ನಿಲ್ಲುವ ಸ್ಥಾನವನ್ನು ಒಂದು ಅಂಗುಲ ತಗ್ಗಿಸಿ, ಕೆಳಗಿನ ಕಾರಿನ ಆಂಟೆನಾವನ್ನು ಬಿಚ್ಚಿಟ್ಟೆವು. ಹಲಗೆಯ ಅಡಿಯಲ್ಲಿ ನೆಟ್ಟಗೆ ನಿಲ್ಲುವಷ್ಟು ಎತ್ತರ ಸಿಗಲಿಲ್ಲ. ಅದಕ್ಕೆ ಇನ್ನೂ ಹತ್ತು ಅಂಗುಲ ಬೇಕಾಗಿತ್ತು. ಗೋಣಿಚೀಲ ಹಾಸಿ ಕಾರಿನಡಿ ನುಸುಳುತ್ತಿದ್ದ ತಂದೆಯವರು ಈಗ ಒಂದು ಸ್ಟೂಲಿನ ಮೇಲೆ ಕುಳಿತು ಸ್ಪ್ಯಾನರ್ ಹಿಡಿಯುತ್ತಾರೆ.

ಅಂಬಾಸಡರ್ ಮೇಲೇರಿದ ಸಂಜೆ ಸಣ್ಣ ಕಾರನ್ನು ಬೀದಿಯಿಂದ ಒಳಕ್ಕೆ ತಂದೆವು. ಮರುದಿನ ಬೆಳಿಗ್ಗೆ ನೋಡಿದರೆ ಬೀದಿಯ ಆ ಜಾಗದಲ್ಲಿ ಇನ್ನೊಂದು ಮನೆಯವರ ಕಾರು ನಿಂತಿತ್ತು. ಹೋಗಿ ಮಾತನಾಡಿದೆವು. ಅವರು ಬೇಸರಪಡದೆ ಗ್ಯಾರೇಜನ್ನು ನೋಡಲು ಬಂದರು, ಯಂತ್ರವನ್ನು ಎರಡು ಸಲ ಏರಿಸಿ ಇಳಿಸಿ ನೋಡಿದರು, ಆಮೇಲೆ ನಮ್ಮ ಟೇಪನ್ನು ಕೇಳಿ ತೆಗೆದುಕೊಂಡು ಹೋದರು. ಅವರ ಪೋರ್ಟಿಕೊ ಎಂಟೂವರೆ ಅಡಿ.